‘ದಿ ಇಂಡಿಯನ್ ಡಾಕ್ಟರ್’ ನೋಡಿದವರು ಇದ್ದೀರಾ? ಕಾಮಿನಿ ಬಗ್ಗೆ ಒಂದು ಪ್ರಶ್ನೆ

ಕಾಫಿಪುಡಿ:

ಮೂರು ವಾರದ ಶನಿವಾರ, ಭಾನುವಾರ ಕೂತು ‘ದಿ ಇಂಡಿಯನ್ ಡಾಕ್ಟರ್’ ಪೂರ್ತಿ ಮುಗಿಸಿದೆ. ಮೂರು ಭಾಗ, ಭಾಗಕ್ಕೆ ಐದು ಕಂತು. ಮೊದಲನೇದು 2010ರಲ್ಲಿ ಬಿಬಿಸಿಯಲ್ಲಿ ಮಧ್ಯಾಹ್ನದ ಹೊತ್ತು ಬಂದಿತ್ತಂತೆ. ಉಳಿದ ಎರಡು 2012 ಮತ್ತು 2013ರಲ್ಲಿ. ಇಷ್ಟು ದಿನ ಕಣ್ಣಿಗೇ ಬಿದ್ದಿರಲಿಲ್ಲ.

ನೋಡದೇ ಇರುವವರಿಗೆ ಚುಟುಕಾಗಿ ಹೇಳ್ತೀನಿ. ಕಾಲ 1963. ದೆಹಲಿಯ ಡಾಕ್ಟರ್ ಪ್ರೇಮ್ ಶರ್ಮಾ ಹೆಂಡತಿ ಕಾಮಿನಿ ಜೊತೆ ವೇಲ್ಸ್‌ನ ಒಂದು ಕಲ್ಲಿದ್ದಲು ಗಣಿಯ ಹಳ್ಳಿಗೆ ಬರುತ್ತಾರೆ. ಹಳ್ಳಿಯ ಹೆಸರು ಟ್ರೆಫೆಲಿನ್, ಅದು ಕಲ್ಪನೆಯ ಊರು. ಚಿತ್ರೀಕರಣ ಆಗಿದ್ದು ಬ್ಲೆನಾವನ್ ಅನ್ನೋ ನಿಜವಾದ ಗಣಿ ಊರಿನಲ್ಲಿ. ಪ್ರೇಮ್ ಆಗಿ ಸಂಜೀವ್ ಭಾಸ್ಕರ್, ಕಾಮಿನಿ ಆಗಿ ಆಯೇಷಾ ಧಾರ್ಕರ್. ಗಣಿಯ ಮ್ಯಾನೇಜರ್ ಶಾರ್ಪ್ ಆಗಿ ಮಾರ್ಕ್ ವಿಲಿಯಮ್ಸ್. ಹ್ಯಾರಿ ಪಾಟರ್‌ನಲ್ಲಿ ರಾನ್‌ನ ಅಪ್ಪ ಆಗಿದ್ದರಲ್ಲ, ಅವರೇ. ಆ ಮುಖವನ್ನು ಖಳನಾಯಕ ಅಂತ ಒಪ್ಪಿಕೊಳ್ಳೋಕೆ ನನಗೆ ಎರಡು ಕಂತು ಬೇಕಾಯ್ತು.

ಈಗ ಪ್ರಶ್ನೆ. ಶ್ರೀಮಂತರ ಮನೆಯ ಮಗಳು ಕಾಮಿನಿ ಆ ಮಸಿ ಊರನ್ನು ನೋಡಿ ಮುಖ ಸಿಂಡರಿಸುತ್ತಾಳಲ್ಲ, ನನ್ನ ತಂಗಿ ಅದನ್ನು ನೋಡಿ “ಎಷ್ಟು ಕೊಬ್ಬು ಇವಳಿಗೆ” ಅಂದಳು. ನನಗೆ ಹಾಗನಿಸಲಿಲ್ಲ. ಗಂಡನಿಗೆ ಬೆಳಗಾದರೆ ಕೆಲಸ ಇದೆ, ರೋಗಿಗಳು ಇದ್ದಾರೆ, ಊರವರು ತಾವಾಗೇ ಬಾಗಿಲಿಗೆ ಬರುತ್ತಾರೆ. ಇವಳಿಗೆ ಏನಿದೆ? ಇಡೀ ದಿನ ಆ ಮನೆಯಲ್ಲಿ ಏನು ಮಾಡಬೇಕು?

ನಿಜವಾಗಿ ಹಾಗೆ ಹೋದ ಡಾಕ್ಟರುಗಳ ಹೆಂಡತಿಯರು ಹೇಗೆ ದಿನ ಕಳೆದರು ಅಂತ ಯಾರಿಗಾದರೂ ಗೊತ್ತಾ? ಇನ್ನೊಂದು, ಅಷ್ಟು ಓದಿದವರು ಲಂಡನ್ ಬಿಟ್ಟು ಗಣಿ ಹಳ್ಳಿಗೆ ಯಾಕೆ ಹೋದರು? ಇದೆಲ್ಲ ನಡೆದದ್ದಾ, ಅಥವಾ ಧಾರಾವಾಹಿಗೋಸ್ಕರ ಕಟ್ಟಿದ ಕಥೆನಾ?

ಹಳೇಪೇಪರ್:

ನಡೆದದ್ದೇ. ಟ್ರೆಫೆಲಿನ್ ಮಾತ್ರ ಇಲ್ಲ, ಅಂಥ ಊರುಗಳು ಬೇಕಾದಷ್ಟಿದ್ದವು.

1948ರ ಜುಲೈ 5ಕ್ಕೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಶುರುವಾಯ್ತು. ಶುರು ಮಾಡಿದ ಮಂತ್ರಿ ಅನ್ಯೂರಿನ್ ಬೆವನ್ ಇದೇ ವೇಲ್ಸ್ ಗಣಿ ಊರಿನವನು, ಟ್ರೆಡೀಗರ್‌ನವನು. ಅಲ್ಲಿನ ಕೆಲಸಗಾರರು ಸಂಬಳದಿಂದ ಚೂರು ಚೂರು ಹಾಕಿ ತಮ್ಮದೇ ವೈದ್ಯಕೀಯ ಸಂಘ ನಡೆಸುತ್ತಿದ್ದರು. ಅದನ್ನು ದೇಶಕ್ಕೆಲ್ಲ ಹಿಗ್ಗಿಸಿದ ಅಂತಲೇ ಹೇಳಬಹುದು.

ಚಿಕಿತ್ಸೆ ಪುಕ್ಕಟೆ ಆಯ್ತು, ಡಾಕ್ಟರುಗಳು ಸಾಲದಾದರು. ಅದರ ಮೇಲೆ 1957ರಲ್ಲಿ ವಿಲಿಂಕ್ ಸಮಿತಿ ಅಂತ ಒಂದು ಕೂತು, ಡಾಕ್ಟರುಗಳು ಜಾಸ್ತಿ ಆಗ್ತಾರೆ, ಕಾಲೇಜು ಸೀಟು ಕಡಿಮೆ ಮಾಡಿ ಅಂತ ಹೇಳಿಬಿಟ್ಟಿತು. ಲೆಕ್ಕ ಪೂರ್ತಿ ಉಲ್ಟಾ ಹೊಡೆಯಿತು. ಅಷ್ಟರಲ್ಲಿ ಅವರದೇ ಎಳೆ ಡಾಕ್ಟರುಗಳು ಕೆನಡಾ, ಅಮೆರಿಕ, ಆಸ್ಟ್ರೇಲಿಯಾ ಕಡೆ ಹೊರಟಿದ್ದರು. ನಮ್ಮ ಎಂಬಿಬಿಎಸ್ ಕಲಿಕೆ ಇಂಗ್ಲಿಷಿನಲ್ಲಿ. ಅಲ್ಲಿನ ಮೆಡಿಕಲ್ ಕೌನ್ಸಿಲ್ ನಮ್ಮ ಡಿಗ್ರಿಯನ್ನು 1975ರವರೆಗೂ ನೇರವಾಗಿ ಒಪ್ಪಿಕೊಳ್ಳುತ್ತಿತ್ತು. 1962ರಲ್ಲಿ ವಲಸೆ ಬಿಗಿ ಮಾಡೋ ಕಾಯಿದೆ ಬಂದಾಗಲೂ ಡಾಕ್ಟರಿಗೆ ವೋಚರ್, ಅಂದರೆ ಬಂದು ಕೆಲಸ ಮಾಡೋ ಪರವಾನಗಿ, ಸಿಗೋದು ಕಷ್ಟ ಇರಲಿಲ್ಲ.

ಒಂದು ಎಚ್ಚರಿಕೆ. ಆರೋಗ್ಯ ಮಂತ್ರಿ ಈನಕ್ ಪವೆಲ್ ಪ್ರಚಾರ ಮಾಡಿ 18,000 ಡಾಕ್ಟರುಗಳನ್ನು ಕರೆಸಿದ ಅಂತ ಎಲ್ಲ ಕಡೆ ಬರೆದಿರುತ್ತೆ. ಅದಕ್ಕೆ ಆಧಾರ ಅಷ್ಟು ಗಟ್ಟಿ ಇಲ್ಲ. 1960ರಿಂದ 63ರವರೆಗೆ ಅವನು ಮಂತ್ರಿ ಆಗಿದ್ದ, ಅವನ ಕಾಲದಲ್ಲಿ ನಮ್ಮವರು ಬಂದರು, ಅವರನ್ನು ನೆಚ್ಚಿಕೊಂಡೇ ಆಸ್ಪತ್ರೆಗಳು ನಡೆದವು. ಇಷ್ಟು ಖಚಿತ. ಅದೇ ಪವೆಲ್ 1968ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ನಿಂತು ವಲಸೆಯಿಂದ ರಕ್ತ ಹರಿಯುತ್ತೆ ಅನ್ನೋ ಧಾಟಿಯ ಭಾಷಣ ಹೊಡೆದ.

ಆ ಗಣಿ ಕಣಿವೆಗಳಿಗೆ ಯಾಕೆ ಅಂದರೆ, ಅಲ್ಲಿಗೆ ಹೋಗೋಕೆ ಬೇರೆ ಯಾರೂ ತಯಾರಿರಲಿಲ್ಲ. ಅಷ್ಟೇ.

ಮಿಸೆಸ್‌ಡಾಕ್ಟರ್:

ಕಾಫಿಪುಡಿಯವರೇ, ನಿಮ್ಮ ಪ್ರಶ್ನೆ ನನಗೇ ಕೇಳಿದ ಹಾಗಿದೆ. ನಾನು ಅಂಥ ಒಬ್ಬ ಹೆಂಡತಿ. ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೀತೀನಿ, ತಪ್ಪಿದ್ದರೆ ಹೊಂದಿಸಿಕೊಳ್ಳಿ.

ನಮ್ಮ ಯಜಮಾನರು ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದಿದವರು. ಸರ್ಜನ್ ಆಗಬೇಕು ಅಂತ ಇಂಗ್ಲೆಂಡಿಗೆ ಬಂದರು. ಆಗಲಿಲ್ಲ. ಅದನ್ನು ಆಮೇಲೆ ಹೇಳ್ತೀನಿ. ಕೊನೆಗೆ ವೇಲ್ಸ್‌ನ ರೋಂಡಾ ಕಣಿವೆಯ ಒಂದು ಹಳ್ಳಿಯಲ್ಲಿ ವಯಸ್ಸಾದ ಡಾಕ್ಟರೊಬ್ಬರಿಗೆ ಜೊತೆಗಾರ ಬೇಕಾಗಿತ್ತು, ಇವರು ಸೇರಿಕೊಂಡರು. ನಾನು ಹಿಂದಿನಿಂದ ಹೊರಟು ಅಲ್ಲಿಗೆ ಮುಟ್ಟಿದ್ದು 1971ರ ಫೆಬ್ರವರಿ ಎರಡನೇ ವಾರ. ನನಗೆ ಇಪ್ಪತ್ತಮೂರು ವರ್ಷ.

ಕಾಮಿನಿಯ ಮುಖ ಇದೆಯಲ್ಲ, ಅದು ಕೊಬ್ಬಲ್ಲ. ನನ್ನದೂ ಹಾಗೇ ಇತ್ತು, ನಾನೇನು ಶ್ರೀಮಂತರ ಮಗಳಲ್ಲ. ಬೆಟ್ಟದ ಎರಡು ಮಗ್ಗುಲಿಗೂ ಅಂಟಿಕೊಂಡ ಉದ್ದುದ್ದ ಸಾಲುಮನೆಗಳು. ಮೇಲೆ ಕಪ್ಪು ಗುಡ್ಡ. ಅದು ಬೆಟ್ಟ ಅಂತ ನಾನು ಅಂದುಕೊಂಡಿದ್ದೆ. ಗಣಿಯಿಂದ ತೆಗೆದ ಕಸ ಸುರಿದು ಸುರಿದು ಆದ ರಾಶಿ ಅದು ಅಂತ ಗೊತ್ತಾಗಿದ್ದು ನಾಲ್ಕು ದಿನದ ಮೇಲೆ. ಆಮೇಲೆ ಹತ್ತಿರದ ಕಣಿವೆಯ ಅಬರ್‌ಫಾನ್ ವಿಷಯ ತಿಳಿಯಿತು. 1966ರ ಅಕ್ಟೋಬರ್ 21, ಇಂಥದ್ದೇ ರಾಶಿ ಮಳೆಗೆ ಜಾರಿ ಶಾಲೆಯ ಮೇಲೆ ಬಂದು 144 ಜನ ಹೋದರು, ಅದರಲ್ಲಿ 116 ಮಕ್ಕಳು. ನಾನು ಬರೋ ಹೊತ್ತಿಗೆ ಅದಾಗಿ ಐದು ವರ್ಷ ಕೂಡ ಆಗಿರಲಿಲ್ಲ. ಜೋರು ಮಳೆ ಬಂದ ರಾತ್ರಿ ಸಾಲಿನ ಮನೆಗಳಲ್ಲಿ ದೀಪ ಆರುತ್ತಿರಲಿಲ್ಲ.

ಇರಲಿ. ನೀವು ಕೇಳಿದ್ದು ದಿನ ಹೇಗೆ ಕಳೆದಿರಿ ಅಂತ ಅಲ್ವಾ. ನಾನು ಆ ಊರಿಗೆ ಸೇರಿದ್ದು ಒಂದು ಅಂಗಡಿಯ ಕಟ್ಟೆಯಲ್ಲಿ. ದಿನ ಕೂಡ ನೆನಪಿದೆ, ಸೋಮವಾರ, ಫೆಬ್ರವರಿ 15. ಅವತ್ತು ಇಡೀ ಬ್ರಿಟನ್ನಿನ ದುಡ್ಡು ಬದಲಾಯ್ತು. ಅಲ್ಲಿಯವರೆಗೆ ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ನಿ. ಅವತ್ತಿನಿಂದ ಪೌಂಡಿಗೆ 100 ಹೊಸ ಪೆನ್ನಿ. ಶಿಲ್ಲಿಂಗ್ ಅಂದರೆ 5, ಹಳೇ ಆರು ಪೆನ್ನಿ ನಾಣ್ಯ ಅಂದರೆ ಎರಡೂವರೆ.

ನಾನು ಹಾಲು, ಉಪ್ಪು ತರೋಕೆ ಅಂತ ಹೋದೆ. ಸೀರೆ, ಕೆಳಗೆ ಯಜಮಾನರ ಉಣ್ಣೆ ಕಾಲುಚೀಲ, ಅದರ ಮೇಲೆ ರಬ್ಬರ್ ಬೂಟು. ಎಲ್ಲರೂ ನನ್ನನ್ನೇ ನೋಡ್ತಾರೆ ಅಂತ ಮೈ ಮುದುಡಿಕೊಂಡು ಒಳಗೆ ಹೋದರೆ ಒಬ್ಬರೂ ತಲೆ ಎತ್ತಲಿಲ್ಲ. ಎಲ್ಲರ ಕಣ್ಣೂ ಅಂಗೈಯ ಚಿಲ್ಲರೆ ಮೇಲೆ. ಅಂಗಡಿಯವನು ಗೋಡೆಗೆ ಒಂದು ಪಟ್ಟಿ ಅಂಟಿಸಿಕೊಂಡು ಪ್ರತಿ ಸಾಮಾನಿಗೂ ಬೆರಳಿಟ್ಟು ಹುಡುಕುತ್ತಿದ್ದ. ಸಾಲು ಬಾಗಿಲು ದಾಟಿ ಬೀದಿಗೆ ಬಂದಿತ್ತು. ನನ್ನ ಮುಂದಿದ್ದ ಒಬ್ಬಳು ಅಜ್ಜಿ ತಿರುಗಿ ಅಂಗೈ ಚಾಚಿ, “ಇವನು ನನಗೆ ಟೋಪಿ ಹಾಕ್ತಿದ್ದಾನಾ ನೋಡಮ್ಮಾ” ಅಂದಳು.

ನೋಡಿ, ಈ ಕೆಲಸ ನನಗೆ ಹೊಸದಲ್ಲ. 1957ರ ಏಪ್ರಿಲ್‌ನಲ್ಲಿ ನಮ್ಮಲ್ಲಿ ಆಣೆ ಹೋಗಿ ನಯಾ ಪೈಸೆ ಬಂದಾಗ ನನಗೆ ಹತ್ತು ವರ್ಷ. ಒಂದಾಣೆಗೆ ಆರು ಪೈಸೆ, ಎರಡಾಣೆಗೆ ಹನ್ನೆರಡು, ನಾಲ್ಕಾಣೆಗೆ ಮಾತ್ರ ಇಪ್ಪತ್ತೈದು. ನಾಲ್ಕಾರಲೆ ಇಪ್ಪತ್ತನಾಲ್ಕು ಅಲ್ವಾ, ಬಿಡಿ ಆಣೆ ಕೊಟ್ಟರೆ ಆ ಒಂದು ಪೈಸೆ ಯಾರ ಜೇಬಿಗೆ ಹೋಗುತ್ತೆ ಅಂತ ನಮ್ಮಜ್ಜಿ ಇಡೀ ಬೀದಿಯ ಜೊತೆ ಜಗಳ ಆಡಿದ್ದರು. ಲೆಕ್ಕ ಮಾಡಿ ಹೇಳೋ ಕೆಲಸ ನನ್ನದು. ಹಾಗಾಗಿ ವೇಲ್ಸ್ ಅಜ್ಜಿಯ ಅಂಗೈ ನೋಡಿದ ತಕ್ಷಣ ಬಾಯಿಂದ ಉತ್ತರ ಬಂತು. ನನ್ನ ಹಿಂದಿನವಳು ಕೇಳಿದಳು, ಅವಳ ಹಿಂದಿನವಳೂ ಕೇಳಿದಳು. ಅಂಗಡಿಯವನು ಕೊನೆಗೆ ಒಂದು ಸ್ಟೂಲು ಹಾಕಿ, ಇಲ್ಲೇ ಕೂತ್ಕೊಳಮ್ಮಾ ಅಂದ. ಹಾಲು ತರೋಕೆ ಹೋದವಳು ಮನೆಗೆ ಬಂದಿದ್ದು ಮಧ್ಯಾಹ್ನ.

ಆ ವಾರ ದುಡ್ಡಿನ ಮಟ್ಟಿಗೆ ಊರಿನವರೆಲ್ಲ ನನಗಿಂತ ಹೊಸಬರು. ನಾನು ಒಂದು ತಿಂಗಳು ತಡವಾಗಿ ಬಂದಿದ್ದರೆ ಏನಾಗ್ತಿತ್ತೋ ಗೊತ್ತಿಲ್ಲ.

ಅಲ್ಲಿ ಹೆಸರುಗಳು ಕಡಿಮೆ. ಊರು ತುಂಬ ಜೋನ್ಸ್, ಇವಾನ್ಸ್, ಡೇವಿಸ್. ಅದಕ್ಕೇ ಕಸುಬು ಸೇರಿಸಿ ಕರೀತಾರೆ. ಜೋನ್ಸ್ ದ ಮಿಲ್ಕ್, ಇವಾನ್ಸ್ ದ ಬ್ರೆಡ್. ನಮ್ಮಲ್ಲಿ ಹಾಲಿನ ನಿಂಗಣ್ಣ, ಎಲೆ ಅಡಿಕೆ ಶೆಟ್ಟರು ಅಂತೀವಲ್ಲ, ಹಾಗೇ. ನನ್ನ ಹೆಸರು ಅವರ ನಾಲಿಗೆಗೆ ಕೂರಲಿಲ್ಲ. ಮಿಸೆಸ್ ಡಾಕ್ಟರ್ ಅಂತ ಆಯ್ತು. ಚಿಕ್ಕವರು ದೊಡ್ಡವರು ಎಲ್ಲರಿಗೂ ಅದೇ. ಇಲ್ಲಿ ಹಾಕಿಕೊಂಡಿರೋದೂ ಅದನ್ನೇ.

ಇನ್ನು ಇಡೀ ದಿನ ಮನೆಯಲ್ಲಿ ಏನು ಮಾಡಬೇಕು ಅಂದಿರಿ. ಫೋನ್ ಎತ್ತಬೇಕು! ಧಾರಾವಾಹಿಯಲ್ಲಿ ನನಗೆ ಕಮ್ಮಿ ಅನಿಸಿದ್ದು ಅದೇ. ಆಗ ಡಾಕ್ಟರಿಗೆ ಇಪ್ಪತ್ತನಾಲ್ಕು ಗಂಟೆಯೂ ಹೊಣೆ. ರಾತ್ರಿ ಕರೆ ಬರೋದು ಮನೆಗೇ. ಅವರು ಒಂದು ಮನೆಗೆ ಹೋಗಿದ್ದಾಗ ಇನ್ನೊಂದು ಮನೆಯಿಂದ ಫೋನ್ ಬಂದರೆ ಎತ್ತೋದು ಯಾರು? ಹೆಂಡತಿ. ಸಂಬಳ ಇಲ್ಲ, ರಜೆ ಇಲ್ಲ. ಮಕ್ಕಳಿಗೆ ಸ್ನಾನ ಮಾಡಿಸ್ತಾ ಕಿವಿ ಆ ಕಡೆಗೇ. ಮೊದಲ ವಾರ ಒಬ್ಬಳು ಫೋನ್ ಮಾಡಿ, ಗಂಡ “ಬ್ಯಾಡ್ ಇನ್ ಬೆಡ್, ಅಂಡರ್ ದ ಡಾಕ್ಟರ್” ಅಂದಳು. ನಾನು ರಿಸೀವರ್ ಹಿಡಿದುಕೊಂಡು ಬೆವೆತುಹೋದೆ. ಯಜಮಾನರು ಬಂದ ಮೇಲೆ ಹೇಳೋಕೂ ನಾಚಿಕೆ. ಹುಷಾರಿಲ್ಲದೆ ಮಲಗಿದ್ದಾರೆ, ಡಾಕ್ಟರ್ ಔಷಧಿ ನಡೀತಿದೆ ಅನ್ನೋದಕ್ಕೆ ಆ ಕಣಿವೆಯಲ್ಲಿ ಹಾಗೇ ಹೇಳೋದು ಅಂತ ಆಮೇಲೆ ಗೊತ್ತಾಯ್ತು.

ಧ್ವನಿಯಲ್ಲೇ ಹೆದರಿಕೆ ಎಷ್ಟಿದೆ ಅಂತ ತೂಗೋದು ಕಲಿತೆ. ಗಣಿಯವರ ಹೆಂಡತಿಯರು ಕೂಗಾಡೋರಲ್ಲ. “ತೊಂದರೆ ಕೊಡಬೇಕು ಅಂತಿರಲಿಲ್ಲ” ಅಂತ ಮೆಲ್ಲಗೆ ಶುರು ಮಾಡಿದರೆ ಆ ಮನೆಗೇ ಮೊದಲು ಹೋಗಬೇಕು. ಜೋರಾಗಿ ಬೈದುಕೊಂಡು ಕರೆದವರು ಬೆಳಗಿನವರೆಗೂ ತಡೀತಾರೆ.

ಅಲ್ಲಿ ರೋಗದ ಹೆಸರು ಒಂದೇ, ಡಸ್ಟ್. ಧೂಳು. ಪುಸ್ತಕದಲ್ಲಿ ನ್ಯುಮೊಕೊನಿಯೋಸಿಸ್. ಅದನ್ನು ಯಾರೂ ಹೇಳೋದಿಲ್ಲ. ಪರಿಹಾರಕ್ಕೆ ಅಂತ ಡಾಕ್ಟರುಗಳ ಮಂಡಳಿ ಎಕ್ಸ್‌ರೇ ನೋಡಿ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತಿತ್ತು. ಗಂಡಸರು ಬೀದಿಯಲ್ಲಿ ನಿಂತು “ನಿಂಗೆಷ್ಟು?” “ನಂಗೆ ಮೂವತ್ತು” ಅಂತ ಮಾತಾಡೋರು, ಪರೀಕ್ಷೆ ಬರೆದು ಬಂದವರ ಹಾಗೆ. ಮೆಟ್ಟಿಲು ಹತ್ತೋಕೆ ಆಗದೇ ಹೋದ ದಿನ ಮಂಚ ಕೆಳಗೆ ಬರುತ್ತೆ, ಬೀದಿ ಕಡೆಯ ಕೋಣೆಗೆ. ನೆಂಟರು ಬಂದರೆ ಮಾತ್ರ ತೆಗೆಯೋ ಕೋಣೆ ಅದು. ಆ ಕಿಟಕಿಯಲ್ಲಿ ಮಂಚದ ತಲೆದೆಸೆ ಕಂಡರೆ ಇನ್ನು ಆ ಮನೆಯ ಫೋನ್ ಜಾಸ್ತಿ ಬರುತ್ತೆ ಅಂತ ನನಗೆ ಗೊತ್ತಾಗ್ತಿತ್ತು.

ಸರಣಿಯಲ್ಲಿ ಒಗೆದ ಬಟ್ಟೆ ಎಷ್ಟು ಬೆಳ್ಳಗಿವೆ ನೋಡಿದಿರಾ? ನನಗೆ ನಗು ಬಂತು. ಗಾಳಿ ಗಣಿ ಕಡೆಯಿಂದ ಬೀಸಿದರೆ ಹೆಂಗಸರೆಲ್ಲ ಓಡಿ ತಂತಿಯಿಂದ ಬಟ್ಟೆ ಎಳೀತಿದ್ದರು. ನನ್ನ ಸೀರೆಯ ನೆರಿಗೆ ತುದಿ ಯಾವತ್ತೂ ಒಂದು ಬೆರಳಗಲ ಕಪ್ಪು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.

ಕಹಿಬೇವು:

ಮಿಸೆಸ್ ಡಾಕ್ಟರ್ ಅವರೇ, ನೀವು ಬರೆದ ಒಂದು ಪ್ಯಾರಾದಲ್ಲಿ ಇರೋದು ಆ ಹದಿನೈದು ಕಂತಿನಲ್ಲಿ ಇಲ್ಲ. ಬೇಜಾರು ಮಾಡ್ಕೋಬೇಡಿ, ನನಗೆ ಆ ಸರಣಿ ಪಾಯಸ. ಊರವರು ಮೊದಲು ಹುಬ್ಬೇರಿಸುತ್ತಾರೆ, ಮಗು ಹುಷಾರಾಗುತ್ತೆ, ಎಲ್ಲರೂ ಒಂದಾಗುತ್ತಾರೆ. ಕೆಟ್ಟದ್ದೆಲ್ಲ ಮ್ಯಾನೇಜರ್ ಶಾರ್ಪ್ ಒಬ್ಬನ ತಲೆಗೆ. ಅವನೊಬ್ಬ ಇಲ್ಲದಿದ್ದರೆ ಎಲ್ಲ ಸರಿ ಅನ್ನೋ ಹಾಗೆ. ಅಲ್ಲ ಸ್ವಾಮಿ, 1947ಕ್ಕೇ ಗಣಿಗಳೆಲ್ಲ ಸರ್ಕಾರದ್ದಾಗಿದ್ದವು. ಈ ಶಾರ್ಪ್ ಹಳೇ ಕಾಲದ ಜಮೀನ್ದಾರನ ಹಾಗೆ ಆಡುತ್ತಾನೆ.

ಮತ್ತೆ, ನಿಮ್ಮ ಯಜಮಾನರು ಸರ್ಜನ್ ಆಗಬೇಕು ಅಂತ ಬಂದು ಆಗಲಿಲ್ಲ ಅಂದಿರಿ. ಅಸಲಿ ಕಥೆ ಅದೇ ಅಲ್ವಾ? ಪ್ರೇಮ್ ಶರ್ಮಾ ಯಾಕೆ ಅಲ್ಲಿಗೆ ಬರಬೇಕಾಯ್ತು ಅನ್ನೋದನ್ನು ಸರಣಿ ಅಷ್ಟಾಗಿ ಕೆದಕೋದೇ ಇಲ್ಲ. ನಮ್ಮವರಿಗೆ ಸಿಕ್ಕಿದ್ದು ವೃದ್ಧರ ವಾರ್ಡು, ಮಾನಸಿಕ ಆಸ್ಪತ್ರೆ, ಇಲ್ಲಾ ಗಣಿ ಹಳ್ಳಿ. ಅಲ್ಲಿನವರು ಬೇಡ ಅಂತ ಬಿಟ್ಟಿದ್ದು.

ಹಳೇಪೇಪರ್:

ಶಾರ್ಪ್ ವಿಷಯ ಅರ್ಧ ಒಪ್ತೀನಿ. 1947ರ ಜನವರಿ 1ಕ್ಕೆ ಗಣಿಯ ಬಾಗಿಲಲ್ಲಿ “ಜನರ ಪರವಾಗಿ” ಅಂತ ಬೋರ್ಡು ಹಾಕಿದರು. ಒಳಗೆ ಬಹಳ ಕಡೆ ಅದೇ ಹಳೇ ಮ್ಯಾನೇಜರುಗಳು ಅದೇ ಕುರ್ಚಿಯಲ್ಲಿ. ಹಾಗಾಗಿ ಅವನ ದರ್ಪ ಪೂರ್ತಿ ಸುಳ್ಳಲ್ಲ.

ಅವರು ಬಿಟ್ಟಿದ್ದು ನಮಗೆ ಅಂದಿರಲ್ಲ, ಅದಕ್ಕೆ ಒಂದು ಸೇರಿಸ್ತೀನಿ. ಜೂಲಿಯನ್ ಟ್ಯೂಡರ್ ಹಾರ್ಟ್ ಅಂತ ಒಬ್ಬ ಡಾಕ್ಟರ್, ರೋಂಡಾ ಪಕ್ಕದ ಕಣಿವೆಯ ಗ್ಲಿನ್‌ಕೊರುಗ್ ಅನ್ನೋ ಗಣಿ ಹಳ್ಳಿಯಲ್ಲಿ ಇದ್ದವರು. ವೈದ್ಯರ ಅಗತ್ಯ ಎಲ್ಲಿ ಜಾಸ್ತಿಯೋ ಅಲ್ಲೇ ಒಳ್ಳೇ ವೈದ್ಯ ಸಿಗೋದು ಕಡಿಮೆ ಅಂತ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಇವತ್ತಿಗೂ ವೈದ್ಯರು ಅದನ್ನು ಉಲ್ಟಾ ಆರೈಕೆಯ ನಿಯಮ ಅನ್ನೋ ಅರ್ಥದ ಹೆಸರಿನಿಂದ ಕರೀತಾರೆ. ಅದು ಅಚ್ಚಾಗಿದ್ದು 1971ರ ಫೆಬ್ರವರಿಯಲ್ಲಿ. ಮಿಸೆಸ್ ಡಾಕ್ಟರ್ ಅಂಗಡಿಯಲ್ಲಿ ಸ್ಟೂಲ್ ಮೇಲೆ ಕೂತ ತಿಂಗಳೇ!

ಕಾಫಿಪುಡಿ:

ಇಷ್ಟೆಲ್ಲ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಅಂಗಡಿ ಕಥೆಯನ್ನು ತಂಗಿಗೆ ಓದಿ ಹೇಳಿದೆ. ಕಾಮಿನಿ ಬಗ್ಗೆ ಅಂದ ಮಾತು ವಾಪಸ್ ತಗೊಂಡಿದ್ದಾಳೆ, ಅರ್ಧ.

ಎರಡನೇ ಭಾಗದಲ್ಲಿ ಸಿಡುಬು ಬರುತ್ತಲ್ಲ, ಅರವತ್ತರ ದಶಕದಲ್ಲಿ ವೇಲ್ಸ್‌ನಲ್ಲಿ ಸಿಡುಬಾ? ಅದು ಕಥೆಗೆ ಅಂತ ತುರುಕಿದ್ದು ಅನಿಸಿತು. ಮತ್ತೆ ಮಿಸೆಸ್ ಡಾಕ್ಟರ್, ಕಹಿಬೇವು ಕೇಳಿದ್ದಕ್ಕೆ ಉತ್ತರ ಕೊಡಿ, ಇಷ್ಟ ಇದ್ದರೆ.

ಹಳೇಪೇಪರ್:

ತುರುಕಿದ್ದಲ್ಲ. ಇಸವಿ ಮಾತ್ರ ಆಚೀಚೆ ಮಾಡಿದ್ದಾರೆ. 1962ರ ಜನವರಿಯಲ್ಲಿ ಪಾಕಿಸ್ತಾನದಿಂದ ಬಂದ ಒಬ್ಬ ಪ್ರಯಾಣಿಕನಿಗೆ ಕಾರ್ಡಿಫ್‌ನಲ್ಲಿ ಸಿಡುಬು ಅಂತ ಗೊತ್ತಾಯ್ತು. ಆಮೇಲೆ ರೋಂಡಾದಲ್ಲಿ, ಅದಾದ ಮೇಲೆ ಬ್ರಿಜೆಂಡ್ ಕಡೆ ಕಾಣಿಸಿಕೊಂಡಿತು. ಒಟ್ಟು 19 ಜನ ತೀರಿಕೊಂಡರು. ದಕ್ಷಿಣ ವೇಲ್ಸ್‌ನಲ್ಲಿ ಸುಮಾರು ಒಂಬತ್ತು ಲಕ್ಷ ಜನಕ್ಕೆ ಲಸಿಕೆ ಚುಚ್ಚಿದರು. ಅದೇ ವರ್ಷ ವಲಸೆ ಕಾಯಿದೆಯ ಗಲಾಟೆ ನಡೀತಿತ್ತು, ವಲಸಿಗರು ಬೇಡ ಅನ್ನೋರಿಗೆ ಈ ಸಿಡುಬು ಒಳ್ಳೇ ಆಯುಧ ಆಯ್ತು. ಸರಣಿಯಲ್ಲಿ ಮಾರ್ಕ್ ಹೀಪ್ ಮಾಡಿದ ಪಾದ್ರಿಯ ಪಾತ್ರ ಇದೆಯಲ್ಲ, ಕಥೆಗಾರರು ರೋಗ ತಂದವರು ವಲಸಿಗರೇ ಅನ್ನೋ ಗುಮಾನಿಯನ್ನೇ ತಿರುಗಿಸಿ ನೋಡಿದ್ದಾರೆ. ಇನ್ನೂ ನೋಡದವರಿಗಾಗಿ ಅಷ್ಟಕ್ಕೇ ನಿಲ್ಲಿಸ್ತೀನಿ.

ಮಿಸೆಸ್‌ಡಾಕ್ಟರ್:

ಸಿಡುಬಿನ ಲಸಿಕೆಗೆ ನಿಂತ ಸಾಲಿನ ಬಗ್ಗೆ ನಮ್ಮ ಪಕ್ಕದ ಮನೆಯವಳು ಹೇಳ್ತಿದ್ದಳು. ಮಳೆಯಲ್ಲಿ, ಮಗು ಎತ್ತಿಕೊಂಡು, ಗಂಟೆಗಟ್ಟಲೆ. ಕೈ ಮೇಲಿನ ಕಲೆ ತೋರಿಸಿ “ನಿಂದು ತೋರಿಸು” ಅಂದಳು. ನಂದು ಅವಳದಕ್ಕಿಂತ ದೊಡ್ಡದು. ಅವಳಿಗೆ ಅದೇನೋ ಸಮಾಧಾನ.

ಕಹಿಬೇವು ಅವರಿಗೆ. ಹೌದು, ಅಸಲಿ ಕಥೆ ಅದೇ. ಯಜಮಾನರು ಒಂದು ದೊಡ್ಡ ಆಸ್ಪತ್ರೆಯಲ್ಲಿ ಸರ್ಜರಿ ಕೆಲಸಕ್ಕೆ ಅರ್ಜಿ ಹಾಕಿದರು. ಅದೇ ವಾರ್ಡಿನಲ್ಲಿ ಎರಡು ವರ್ಷ ದುಡಿದಿದ್ದರು. ಇವರೇ ಕೈ ಹಿಡಿದು ಹೊಲಿಗೆ ಹಾಕೋದು ಕಲಿಸಿದ್ದ ಹುಡುಗ, ಅಲ್ಲಿನವನು, ಅವನಿಗೆ ಸಿಕ್ಕಿತು. ಇವರಿಗೆ ಯಾರೂ ಕೆಟ್ಟ ಮಾತಾಡಲಿಲ್ಲ. ಟೀ ಕೊಟ್ಟು, ನಿಮ್ಮಂಥವರಿಗೆ ಜನರಲ್ ಪ್ರಾಕ್ಟೀಸ್ ಚೆನ್ನಾಗಿ ಒಗ್ಗುತ್ತೆ ಅಂದರಂತೆ. ‘ನಿಮ್ಮಂಥವರು’ ಅಂದರೆ ಏನು ಅಂತ ಇವರು ಕೇಳಲಿಲ್ಲ. ನಾನು ಬಂದ ಮೇಲೆ ನನ್ನ ಹತ್ತಿರ ಕೇಳಿದರು, ಕನ್ನಡದಲ್ಲಿ. ಕಣಿವೆಯಲ್ಲಿ ಮೂವತ್ತು ವರ್ಷ ಇದ್ದರು. ತುಂಬ ಒಳ್ಳೇ ಡಾಕ್ಟರ್ ಆಗಿದ್ದರು. ಹಾಗಿದ್ದೂ ಭಾನುವಾರ ಕೋಳಿ ಕೊಯ್ಯೋಕೆ ಕೂತರೆ ಆ ಬೆರಳುಗಳ ನಾಜೂಕು ನೋಡಿ ನನಗೆ ಹೊಟ್ಟೆ ಚುರುಕ್ ಅನ್ನೋದು.

ಹಳ್ಳಿಯಲ್ಲೂ ಎಲ್ಲರೂ ದೇವರಲ್ಲ. ರಾತ್ರಿ ಫೋನ್ ಮಾಡಿ ನನ್ನ ಧ್ವನಿ ಕೇಳಿ “ಆ ಹಳೇ ಡಾಕ್ಟರ್ ಇಲ್ವಾ?” ಅಂದವರಿದ್ದಾರೆ. ಆ ಮನೆಗೂ ಇವರೇ ಹೋಗುತ್ತಿದ್ದರು. ಸರಣಿ ಪಾಯಸ ಅಂದಿರಿ. ನನಗೂ ಸಿಹಿ ಸ್ವಲ್ಪ ಜಾಸ್ತಿ ಆಯ್ತು, ಆದರೆ ಸುಳ್ಳು ಅನಿಸಲಿಲ್ಲ. 1984ರ ಗಣಿ ಮುಷ್ಕರದಲ್ಲಿ ಒಂದು ವರ್ಷ ಊರಿಗೆ ಸಂಬಳ ಇರಲಿಲ್ಲ. ಗಣಿ ಕೆಲಸಗಾರರ ಹಾಲ್‌ನಲ್ಲಿ ಹೆಂಗಸರು ಸೇರಿ ಅಡುಗೆ ಮಾಡ್ತಿದ್ದರು, ಬುಧವಾರ ನನ್ನ ಸರದಿ. ಕೊಟ್ಟ ಆಲೂಗಡ್ಡೆಗೆ ನಾನು ಸಾಸಿವೆ, ಅರಿಶಿನ ಹಾಕಿ ಪಲ್ಯ ಮಾಡಿದೆ. ಮೊದಲ ವಾರ ಅರ್ಧ ಪಾತ್ರೆ ವಾಪಸ್ ಬಂತು. ಹಸಿದಿದ್ದರೂ ತಿನ್ನಲಿಲ್ಲ ನೋಡಿ! ಮೂರನೇ ವಾರಕ್ಕೆ, ಮಿಸೆಸ್ ಡಾಕ್ಟರ್ ಆಲೂಗಡ್ಡೆ ಯಾವತ್ತು ಅಂತ ಕೇಳೋಕೆ ಶುರು ಮಾಡಿದರು. 1990ರ ಡಿಸೆಂಬರ್‌ನಲ್ಲಿ ಮಾರ್ಡಿ ಗಣಿ ಮುಚ್ಚಿತು, ರೋಂಡಾದಲ್ಲಿ ಅದೇ ಕೊನೇದು. ಮುಚ್ಚಿದ ಮೇಲೂ ಧೂಳಿನ ಫೋನ್ ಬರೋದು ನಿಲ್ಲಲಿಲ್ಲ. ಎದೆಯೊಳಗೆ ಹೋದ ಗಣಿ ಮುಚ್ಚಲ್ಲವಲ್ಲ.

ಕಾಫಿಪುಡಿ:

ಕೊನೇದೊಂದು ಕೇಳ್ತೀನಿ, ಬೈಬೇಡಿ. ಕಾಮಿನಿಯ ಅಮ್ಮ ಬಂದು ಕೂರ್ತಾರಲ್ಲ ಸರಣಿಯಲ್ಲಿ, ನಿಮ್ಮ ಮನೆಗೂ ಊರಿನಿಂದ ಯಾರಾದರೂ ಬಂದಿದ್ರಾ? ನೋಡಿ ಏನಂದರು?

ಮಿಸೆಸ್‌ಡಾಕ್ಟರ್:

ಅಯ್ಯೋ, ಅದೊಂದು ನನ್ನ ಹಳೇ ಗಾಯ.

ಐದು ವರ್ಷ ನಾನು ಅತ್ತೆಗೆ ಕಾಗದದಲ್ಲಿ ಬರೆದಿದ್ದು ಒಂದೇ ರಾಗ. ಇಲ್ಲಿ ಬಿಸಿಲೇ ಇಲ್ಲ, ವರ್ಷವಿಡೀ ಮಳೆ, ಬಟ್ಟೆ ಒಣಗಲ್ಲ, ಹಪ್ಪಳ ಇಡೋಕೆ ಆಗಲ್ಲ, ಮೂಳೆ ಕೊರೆಯೋ ಚಳಿ. ಅತ್ತೆ ಎರಡು ಸ್ವೆಟರ್, ಒಂದು ಕಂಬಳಿ ಹೊತ್ತುಕೊಂಡು ಬಂದರು. ಬಂದಿದ್ದು ಯಾವಾಗ ಗೊತ್ತಾ? 1976ರ ಜೂನ್. ಬ್ರಿಟನ್ನಿಗೆ ಬರಗಾಲ ಬಂದ ವರ್ಷ. ಬೆಟ್ಟದ ಹುಲ್ಲೆಲ್ಲ ಒಣಗಿ ಹಳದಿ. ವಾರಗಟ್ಟಲೆ ಹನಿ ಮಳೆ ಇಲ್ಲ. ಅತ್ತೆ ಹಿತ್ತಿಲ ತಗಡಿನ ಮೇಲೆ ಹಳೇ ಪಂಚೆ ಹಾಸಿ ಸಂಡಿಗೆ ಇಟ್ಟರು. ಎರಡೇ ದಿನಕ್ಕೆ ಗಲಗಲ ಒಣಗಿತು.

ಬೇಸಿಗೆ ಕೊನೆಗೆ ನಲ್ಲಿಯಲ್ಲಿ ನೀರು ಹೊತ್ತು ಗೊತ್ತು ಮಾಡಿ ಬಿಡೋಕೆ ಶುರು ಮಾಡಿದರು. ಬೀದಿಯವರಿಗೆ ಕೈಕಾಲೇ ಆಡಲಿಲ್ಲ. ಅತ್ತೆಗೆ ಇದು ದಿನಾ ಮಾಡೋ ಕೆಲಸ. ಬೆಳಿಗ್ಗೆ ಎದ್ದು ಇದ್ದಬದ್ದ ಪಾತ್ರೆ, ಬಕೆಟ್ಟು, ಕೊನೆಗೆ ಸ್ನಾನದ ತೊಟ್ಟಿ ಕೂಡ ತುಂಬಿಸಿ ತಟ್ಟೆ ಮುಚ್ಚಿದರು. ಆಮೇಲೆ ಪಕ್ಕದ ಮನೆಗೆ ಹೋಗಿ, ಒಂದಕ್ಷರ ಇಂಗ್ಲಿಷ್ ಬಾರದೆ, ಅವಳ ಬಕೆಟ್ಟುಗಳನ್ನೂ ಸಾಲಾಗಿ ಇಡಿಸಿ ಬಂದರು. ಪಾತ್ರೆ ತೊಳೆದ ನೀರು ಚೆಲ್ಲೋಕೆ ಹೋದವಳ ಕೈಹಿಡಿದು ಗಿಡಕ್ಕೆ ಹಾಕಿಸಿದರು. ಆ ಬೀದಿಯಲ್ಲಿ ಎಷ್ಟೋ ವರ್ಷ ನನ್ನನ್ನು ಕಂಡರೆ ಮೊದಲು ಕೇಳುತ್ತಿದ್ದದ್ದು ನಿಮ್ಮ ಅತ್ತೆ ಹೇಗಿದ್ದಾರೆ ಅಂತ.

ಆಗಸ್ಟ್ ಕೊನೆಗೆ ಸ್ವೆಟರಿನ ಮಡಿಕೆ ಬಿಚ್ಚದೆ ಹಾಗೇ ವಾಪಸ್ ಹೋದರು. ಅವರ ವಿಮಾನ ಏರಿದ ಮೇಲೆ ಶುರುವಾಯ್ತು ನೋಡಿ ಮಳೆ, ಅಕ್ಟೋಬರ್ ಮುಗಿಯೋವರೆಗೂ ನಿಲ್ಲಲಿಲ್ಲ. ಅತ್ತೆ ಮಾತ್ರ ಸಾಯೋವರೆಗೂ ಮೈಸೂರಿನಲ್ಲಿ ಎಲ್ಲರಿಗೂ ಹೇಳಿದ್ದು, “ಅಲ್ಲಿ ಒಳ್ಳೇ ಬಿಸಿಲಿದೆ ಕಣ್ರೀ, ನಮ್ಮ ಸೊಸೆ ಸುಮ್ನೆ ಗೊಣಗ್ತಾಳೆ” ಅಂತ.